ಕೊಡಕ್ಕೆ ಬೆನ್ನಿಲ್ಲ

ಹೊಳೆ ಮೈ ತಿರುವುವ ಕಡೆ ಒಂದು ಊರಿತ್ತು. ಆ ಊರಲ್ಲಿ ಒಬ್ಬರ ಗಾಯವನ್ನು ಇನ್ನೊಬ್ಬರು ತಮ್ಮ ಮೈಮೇಲೆ ತೋರಿಸುವಂತಿರಲಿಲ್ಲ.

ನಮ್ಮ ನಿಮ್ಮ ಮನೆಗಳಲ್ಲೂ ಹಿರಿಯರು ಗದರುವುದುಂಟು. "ಅವನಿಗೆ ಇಲ್ಲಿ ಏಟಾಯ್ತು ಅಂತ ನಿನ್ನ ಮೈ ಮುಟ್ಟಿ ತೋರಿಸ್ತೀಯಲ್ಲ, ಬಿಡ್ತು ಅನ್ನು" ಎನ್ನುತ್ತಾರೆ. ನಾವು ಬಿಡ್ತು ಅನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಆ ಊರಲ್ಲಿ ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಎಲ್ಲಿ ತೋರಿಸುತ್ತೀಯೋ ಅಲ್ಲೇ ಆ ಗಾಯ ನಿನಗೂ ಬಂದು ಕೂರುತ್ತದೆ ಎಂದು ಅವರು ನಂಬಿದ್ದರು. ಅದಕ್ಕೇ ಮನೆಮನೆಯ ಮೂಲೆಯಲ್ಲೂ ಒಂದು ಮಣ್ಣಿನ ಕೊಡ. ನೀರಿಗಲ್ಲ, ತೋರಿಸುವುದಕ್ಕೆ. ಗಂಟಲು ನೋವೆಂದರೆ ಕೊಡದ ಕಂಠ ಮುಟ್ಟುತ್ತಿದ್ದರು. ಹೊಟ್ಟೆನೋವೆಂದರೆ ಕೊಡದ ಹೊಟ್ಟೆ. ಕಾಲು ಉಳುಕಿದರೆ ತಳ. ಕೊಡಕ್ಕೆ ಬಾಯಿದೆ, ಕಂಠವಿದೆ, ಹೊಟ್ಟೆಯಿದೆ. ಮನುಷ್ಯನಿಗಿರುವುದೆಲ್ಲ ಇದೆಯಲ್ಲ ಎಂದು ಊರು ನೆಮ್ಮದಿಯಾಗಿತ್ತು.

ಇನ್ನೊಂದು ಕಟ್ಟಳೆಯೂ ಇತ್ತು. ಒಬ್ಬರಿಗೆ ಗಾಯ ಮಾಡಿದವನಿಗೆ ಅದೇ ಗಾಯ, ಅದೇ ಜಾಗದಲ್ಲಿ. ಒಂದು ಬೆರಳು ಮೇಲಲ್ಲ, ಒಂದು ಬೆರಳು ಕೆಳಗಲ್ಲ. ಜಾಗ ಗೊತ್ತಾಗದೆ ಶಿಕ್ಷೆಯಿಲ್ಲ.

ಆ ಊರಲ್ಲಿ ಮೀಯಿಸುವವಳೊಬ್ಬಳಿದ್ದಳು. ಹುಟ್ಟಿದವರಿಗೆ ಮೊದಲ ನೀರು ಅವಳದು, ಹೋದವರಿಗೆ ಕಡೆಯ ನೀರು ಅವಳದು. ಎರಡಕ್ಕೂ ಹೊಳೆಯಿಂದಲೇ ನೀರು ತರುತ್ತಿದ್ದಳು, ಎರಡಕ್ಕೂ ಮುಂಚೆ ದೇವರನ್ನು ನೆನೆಯುತ್ತಿದ್ದಳು. ದೇವರು ಕೊಟ್ಟ ಮೈಯನ್ನು ದೇವರಿಗೆ ಒಪ್ಪಿಸುವಾಗ ಕೊಳೆ ಇರಬಾರದು ಎಂಬುದು ಅವಳ ನಂಬಿಕೆ. ಒಳ್ಳೆಯ ನಂಬಿಕೆ.

ಹನ್ನೊಂದು ವರ್ಷದ ಹಿಂದೆ ಅವಳು ಆ ಊರಿನ ಒಡೆಯನನ್ನು ಮೀಯಿಸಿದಳು.

ಒಡೆಯ ಸತ್ತದ್ದು ಹೊಳೆಯ ಮೆಟ್ಟಿಲಲ್ಲಿ. ಊರ ಗುಡಿಯ ಬಾಗಿಲು ಹೊಳೆಯಾಚೆಯವರಿಗೂ ತೆರೆಯಲಿ, ದೇವರೇನು ಈ ದಡದಲ್ಲೇ ಹುಟ್ಟಿದವನೇ ಎಂದಿದ್ದ ಒಡೆಯ. ಊರವರು ಬಾಯಲ್ಲಿ ಹೂಂ ಎಂದಿದ್ದರು. "ನಿಮ್ಮ ಬೆನ್ನಿಗೆ ನಾವಿದ್ದೀವಿ, ನಡೀರಿ" ಎಂದಿದ್ದರು. ಅವತ್ತು ಆಚೆಯ ದಡದಿಂದ ಒಬ್ಬ ಹರಿಗೋಲಿನಲ್ಲಿ ದೇವರಿಗೆಂದು ಕಣಗಿಲೆ ಹೂವಿನ ಬುಟ್ಟಿ ತಂದ. ಒಡೆಯ ಬುಟ್ಟಿ ಇಸಕೊಳ್ಳಲು ಬಾಗಿದ. ಮುಂದೆ ಹೂವಿನವನು. ಹಿಂದೆ ಇಡೀ ಊರು. ಬಾಗಿದವನು ಏಳಲಿಲ್ಲ. ಕತ್ತಿ ಯಾರ ಕೈಯಲ್ಲಿತ್ತೆಂದು ನನ್ನನ್ನು ಕೇಳಬೇಡಿ. ಕತ್ತಿ ಹೊಳೆಯ ಪಾಲಾಯಿತು, ಹೂವಿನವನು ಊರಿನ ಪಾಲಾದ. ಕೊಂದವನು ಅವನೇ ಎಂದು ಕಲ್ಲಿನ ಕೋಣೆಯಲ್ಲಿ ಕೂಡಿಹಾಕಿದರು.

ಮೀಯಿಸುವವಳು ಒಡೆಯನನ್ನು ಹಲಗೆಯ ಮೇಲೆ ಮಲಗಿಸಿ ನೀರು ಹೊಯ್ದಳು. ಎದೆ ತೊಳೆದಳು, ಎದೆ ಮಗುವಿನದರಂತೆ ಸ್ವಚ್ಛವಾಗಿತ್ತು. ಕತ್ತು ತೊಳೆದಳು, ಕತ್ತಿನಲ್ಲಿ ಜಪಮಣಿಯ ಗುರುತು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಹೊರಳಿಸಿದಳು. ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವೆ, ಬೆನ್ನುಮೂಳೆಗೆ ಒಂದು ಬೆರಳು ಎಡಕ್ಕೆ, ಗಾಯದ ಬಾಯಿ ಇತ್ತು. ಅವಳು ಹೆಬ್ಬೆರಳಿನಿಂದ ಅದನ್ನು ಮುಚ್ಚಿಕೊಂಡು ನೀರು ಹೊಯ್ದಳು, ಒಡೆಯನ ಮೈಯ ವಿಭೂತಿ ಕರಗುವಷ್ಟು ಹೊತ್ತು ಅತ್ತಳು.

ಮೂವರು ನ್ಯಾಯದವರು ಗುಡಿಯ ಅಂಗಳದಲ್ಲಿ ಕೂತಿದ್ದರು. ಊರು ನೆರೆದಿತ್ತು. ನಡುವೆ ಹೊಸ ಕೊಡ.

"ತೋರಿಸಮ್ಮ" ಎಂದ ಹಿರಿಯ ನ್ಯಾಯದವನು. "ನೋಡಿದವಳು ನೀನೊಬ್ಬಳೇ."

ಅವಳು ಸುಣ್ಣದಲ್ಲಿ ಬೆರಳದ್ದಿ ಕೊಡದ ಹತ್ತಿರ ಕೂತಳು. ಆಗ ಮೊದಲ ಸಲ ಅವಳಿಗೆ ಹೊಳೆಯಿತು: ಕೊಡಕ್ಕೆ ಬೆನ್ನಿಲ್ಲ. ಯಾವ ಕಡೆ ಮುಟ್ಟಿದರೂ ಹೊಟ್ಟೆಯೇ. ಅವಳು ಒಂದು ಕ್ಷಣ ಯೋಚಿಸಿ, ಊರಿಗೆ ಕಾಣುವ ಕಡೆ ಬಿಟ್ಟು, ತನ್ನ ಕಡೆ, ಕೊಡದ ಹಿಂಬದಿಗೆ, ಕಂಠದ ಕೆಳಗೆ ಚುಕ್ಕೆ ಇಟ್ಟಳು.

ಹಿರಿಯ ನ್ಯಾಯದವನು ಎದ್ದು ಬಂದ. "ಎಲ್ಲಿ, ಜನಕ್ಕೆ ಕಾಣಲಿ" ಎಂದ. ಎರಡು ಕೈಯಿಂದ ಕೊಡವನ್ನು ಹಿಡಿದು ಮೆಲ್ಲಗೆ ತಿರುಗಿಸಿ, ಚುಕ್ಕೆಯನ್ನು ಊರಿನ ಮುಂದಕ್ಕೆ ತಂದು ಇಟ್ಟ.

ಅಷ್ಟೇ. ಒಂದು ಕೊಡ ತಿರುಗುವುದಕ್ಕೆ ಎಷ್ಟು ಹೊತ್ತು ಬೇಕು.

"ಇದೇ ತಾನೆ ನೀನಿಟ್ಟ ಚುಕ್ಕೆ?" ಎಂದು ಕೇಳಿದ.

ಚುಕ್ಕೆ ಅವಳದೇ. ಅವಳು ಜನರ ಮುಖ ನೋಡಿದಳು. ಎಲ್ಲ ಮುಖಗಳೂ ಒಂದೇ ಮುಖದ ಹಾಗೆ ಅವಳನ್ನು ಕಾಯುತ್ತಿದ್ದವು. ಅವಳು ಹೌದೆಂದು ತಲೆಯಾಡಿಸಿದಳು. ಸುಳ್ಳು ಹೇಳಲಿಲ್ಲ. ಸುಮ್ಮನಿದ್ದಳು. ದೇವರು ಸುಳ್ಳನ್ನು ಒಂದು ಕಡೆ ಬರೆದುಕೊಳ್ಳುತ್ತಾನೆ, ಸುಮ್ಮನಿದ್ದದ್ದನ್ನು ಇನ್ನೊಂದು ಕಡೆ. ಯಾವ ಕಡೆ ಭಾರವೆಂದು ಅವಳಿಗೆ ಆಮೇಲೆ ತಿಳಿಯಿತು.

ಅಂದಿನಿಂದ ಊರಿನಲ್ಲಿ ಎರಡು ಪಂಗಡ. ಚುಕ್ಕೆಯನ್ನು ಕೊಡದ ಬಾಯಿಯ ಅಂಚಿನಿಂದ ಅಳೆದರೆ ಆರು ಬೆರಳು, ಹಾಗಾದರೆ ಗಾಯ ಎದೆಯಲ್ಲಿ ಎಂದರು ಎದೆಯವರು. ಅಂಚಿನಿಂದ ಅಲ್ಲ, ಕಂಠದ ಬುಡದಿಂದ ಅಳೆಯಬೇಕು, ಎರಡೇ ಬೆರಳು, ಹಾಗಾದರೆ ಗಂಟಲ ಗುಳಿಯಲ್ಲಿ ಎಂದರು ಕಂಠದವರು. ಯಾರ ಬೆರಳು ಎಂದು ಮತ್ತೊಂದು ಜಗಳ. ಒಡೆಯನ ಶಲ್ಯ ತಂದು ಹರಡಿದರು. ಶಲ್ಯದ ತೂತು ಎದೆಯವರ ಲೆಕ್ಕಕ್ಕೂ ಕೂರಲಿಲ್ಲ, ಕಂಠದವರ ಲೆಕ್ಕಕ್ಕೂ ಕೂರಲಿಲ್ಲ. ಬುಟ್ಟಿಗೆ ಕೈ ಚಾಚಿದಾಗ ಶಲ್ಯ ಸರಿದಿತ್ತು ಎಂದು ಇಬ್ಬರೂ ಹೇಳಿದರು. ಎಷ್ಟು ಸರಿದಿತ್ತು ಎಂಬುದರ ಮೇಲೆ ಮೂರು ವರ್ಷ ವಾದ ಮಾಡಿದರು. ಶಲ್ಯಕ್ಕೂ ಮುಂದು ಹಿಂದು ಇಲ್ಲವೆಂದು ಯಾರೂ ಹೇಳಲಿಲ್ಲ. ವರ್ಷವರ್ಷವೂ ಒಡೆಯ ಸತ್ತ ದಿನ ಕೊಡದ ಮುಂದೆ ಕೂತು ಅಳೆದರು. ಸ್ನಾನ ಮಾಡಿ, ಮಡಿಯುಟ್ಟು, ಬೆರಳಿಗೆ ಬೆರಳು ಸೇರಿಸಿ ಅಳೆದರು. ಅವತ್ತು ಮೀಯಿಸುವವಳು ಕೂತಿದ್ದ ಕೊಡದ ಆ ಬದಿಗೆ ಮಾತ್ರ ಯಾರೂ ಹೋಗಿ ಕೂರಲಿಲ್ಲ.

ನಿಧಾನವಾಗಿ ಊರಿನ ಬಾಯಿಂದ ಒಂದು ಮಾತು ಹೊರಟುಹೋಯಿತು. ಯಾರೂ ಬೆನ್ನು ಎನ್ನುತ್ತಿರಲಿಲ್ಲ. "ಅಲ್ಲಿ ಕೆರೀತಿದೆ, ಸ್ವಲ್ಪ ಕೆರಿ" ಎನ್ನುತ್ತಿದ್ದರು. ಕೂಸನ್ನು ಕಟ್ಟಿಕೊಳ್ಳುವಾಗ "ಹಿಂದುಗಡೆ ಕಟ್ಟು" ಎನ್ನುತ್ತಿದ್ದರು.

ಮೀಯಿಸುವವಳ ಕೈಗೂ ಏನೋ ಆಗಿತ್ತು. ಕಾಲು ನೀಡಿ ಕೂತು ಕೂಸನ್ನು ಮೊಣಕಾಲ ಮೇಲೆ ಬೋರಲು ಮಲಗಿಸಿಕೊಂಡು ಎಣ್ಣೆ ತೀಡುವಾಗ, ಆ ಜಾಗಕ್ಕೆ ಬಂದ ಕೂಡಲೇ ಅವಳ ಕೈ ಹೊಳೆಯ ನೀರು ಬಂಡೆಯನ್ನು ಸುತ್ತಿ ಹೋಗುವ ಹಾಗೆ ಸುತ್ತಿ ಹೋಗುತ್ತಿತ್ತು. ಒಂದು ರೂಪಾಯಿಯಗಲ ಜಾಗ ಎಣ್ಣೆ ಕಾಣದೆ, ನೀರು ಕಾಣದೆ ಉಳಿಯುತ್ತಿತ್ತು.

"ಏನಜ್ಜಿ ಇದು" ಎಂದು ಒಬ್ಬ ಬಾಣಂತಿ ನಕ್ಕಳು. "ಊರ ಮಕ್ಕಳಿಗೆಲ್ಲ ಒಂದೇ ಕಡೆ ಬೆವರುಗುಳ್ಳೆ. ನಿಮ್ಮ ಕೈಯಲ್ಲಿ ಮಿಂದ ಮಕ್ಕಳಿಗೆ ಮೊಹರು ಹೊಡೆದು ಕಳಿಸ್ತೀರಾ?"

"ಕಣ್ಣು ಮಂಜಾಗಿದೆ ಕಣವ್ವ" ಎಂದಳು ಮೀಯಿಸುವವಳು.

"ಮೂಗಿನ ಸಂದಿ, ಕಿವಿ ಹಿಂದೆ ಎಲ್ಲ ಕಾಣ್ತದೆ. ಅಲ್ಲಿ ಮಾತ್ರ ಮಂಜಾ?"

ಬಾಣಂತಿ ತಮಾಷೆಗೆ ಹೇಳಿದ್ದು. ಮೀಯಿಸುವವಳು ಮನೆಗೆ ಬಂದು ದೇವರ ಮುಂದೆ ಕೂತಳು. ದೀಪ ಹಚ್ಚಿದಳು, ತಲೆ ಎತ್ತಲಿಲ್ಲ. "ಸ್ವಾಮಿ, ನೀನು ನೋಡ್ತಾ ಇದ್ದೀಯ ಅಂತ ಗೊತ್ತು. ಅದಕ್ಕೇ ನಾನು ನೋಡ್ತಾ ಇಲ್ಲ" ಎಂದಳು.

ಹನ್ನೆರಡನೆಯ ವರ್ಷಕ್ಕೆ ಯಾವ ವ್ಯಾಜ್ಯವೂ ಕಾಲಿಡಬಾರದು ಎಂಬುದು ಆ ಊರಿನ ಪದ್ಧತಿ. ನ್ಯಾಯದವರು ಎರಡೂ ಪಂಗಡವನ್ನು ಕೂರಿಸಿ ರಾಜಿ ಮಾಡಿಸಿದರು. ಎರಡೂ ಅಲ್ಲ, ಆರೂ ಅಲ್ಲ, ನಡುವೆ ನಾಲ್ಕು ಬೆರಳು. ಎಲ್ಲರೂ ಒಪ್ಪಿದರು. ಒಡೆಯ ಸತ್ತ ದಿನವೇ, ಬೆಳಿಗ್ಗೆ, ಹೂ ತಂದಿದ್ದ ಹೊಳೆಯಾಚೆಯವನ ಎದೆಯ ಮೇಲೆ, ನಾಲ್ಕು ಬೆರಳಿಗೆ ಕತ್ತಿ. ಅದಕ್ಕೆ ಮುಂಚೆ ಅವನನ್ನು ಮೀಯಿಸಬೇಕು. ಅದೂ ಪದ್ಧತಿ.

ಹಿರಿಯ ನ್ಯಾಯದವನೇ ಅವಳ ಮನೆ ಬಾಗಿಲಿಗೆ ಬಂದು ಹೇಳಿದ. "ನೀನು ಇಟ್ಟ ಚುಕ್ಕೆ, ನೀನೇ ಮುಗಿಸಿಕೊಡಮ್ಮ" ಎಂದ. ಅವನ ದನಿ ಮೆತ್ತಗಿತ್ತು. ಅವಳಿಗೆ ಅದೇ ಹೆಚ್ಚು ಸುಟ್ಟಿತು.

ಕಲ್ಲಿನ ಕೋಣೆಯ ಅಂಗಳಕ್ಕೆ ಹೂವಿನವನನ್ನು ತಂದು ಕೂರಿಸಿದರು. ಬರುವಾಗ ಮೀಸೆ ಕಪ್ಪಗಿದ್ದವನು. ಈಗ ಹುಬ್ಬು ಕೂಡ ಬೆಳ್ಳಗಾಗಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವಳನ್ನು ನೋಡಿದ.

"ಬಿಸಿನೀರಾ ಅವ್ವ?"

"ಹೂಂ."

"ಪುಣ್ಯ ಬಂತು ನಿಮಗೆ. ಸಾಯಿಸೋದಾದ್ರೂ ಬೆಚ್ಚಗೆ ಸಾಯಿಸ್ತೀರಿ" ಎಂದು ನಕ್ಕ. "ಅಲ್ಲ ಅವ್ವ, ನಮ್ಮ ದಡದಲ್ಲಿ ಎಮ್ಮೆ ಕಳೆದ್ರೆ ಎರಡು ದಿನಕ್ಕೆ ಹುಡುಕ್ತಾರೆ. ನಿಮ್ಮೂರಿನವರು ಒಂದು ಚುಕ್ಕೆ ಹುಡುಕೋಕೆ ಹನ್ನೊಂದು ವರ್ಷ ತಗೊಂಡ್ರಲ್ಲ."

ಅವಳು ಅವನ ತಲೆಗೆ ನೀರು ಹೊಯ್ದಳು, ಸೀಗೆಪುಡಿ ಹಾಕಿ ತಿಕ್ಕಿದಳು. ಕೈ ತೊಳೆದಳು, ಎದೆ ತೊಳೆದಳು. ನಾಳೆ ನಾಲ್ಕು ಬೆರಳು ಅಳೆದು ಕತ್ತಿ ಇಳಿಸಲಿರುವ ಜಾಗದ ಮೇಲೆ ನೀರು ಹರಿದುಹೋಯಿತು. ಹಿಂದಕ್ಕೆ ಬಂದು ಕೂತಳು. ಕೈ ಯಾವತ್ತಿನಂತೆ ಸುತ್ತಿ ಹೋಯಿತು.

"ಅವ್ವ" ಎಂದ ಅವನು, ತಿರುಗದೆ. "ಅಲ್ಲೊಂದು ಚೂರು ತಿಕ್ಕಿಬಿಡವ್ವ. ನಡೂಮಧ್ಯೆ. ಹನ್ನೊಂದು ವರ್ಷದಿಂದ ಕೆರೀತಾ ಇದೆ, ನನ್ನ ಕೈ ಎಟುಕ್ತಾ ಇಲ್ಲ. ಗೋಡೆಗೆ ಉಜ್ಜಿಕೊಂಡು ಉಜ್ಜಿಕೊಂಡು ಗೋಡೆಯೇ ನುಣ್ಣಗಾಯ್ತು."

ಮೀಯಿಸುವವಳ ಕೈ ನಿಂತಿತು. ಅವಳು ಉಸಿರು ಹಿಡಿದು, ದೇವರನ್ನು ನೆನೆದು, ಹೆಬ್ಬೆರಳನ್ನು ಆ ಜಾಗದ ಮೇಲೆ ಇಟ್ಟಳು. ಹನ್ನೊಂದು ವರ್ಷದ ಕೊಳೆ. ತಿಕ್ಕಿದಳು. ಮೇಲಿಂದ ಮೇಲೆ ನೀರು ಹೊಯ್ದಳು. ಅವನು ಎಮ್ಮೆ ನೀರಿಗಿಳಿದಾಗ ಬಿಡುವಂಥ ಒಂದು ನಿಟ್ಟುಸಿರು ಬಿಟ್ಟ.

"ದೇವರು ನಿಮ್ಮ ಕೈ ತಣ್ಣಗಿಟ್ಟಿರಲಿ" ಎಂದ.

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ತನ್ನ ಕೈಗೆ ಎಟುಕದ ಜಾಗ ಮನುಷ್ಯನಿಗೆ ಅದೊಂದೇ. ಅಲ್ಲಿ ಕೆರೆದರೂ, ಅಲ್ಲಿ ಇರಿದರೂ, ಅದು ಇನ್ನೊಬ್ಬರ ಕೈ. ಇಷ್ಟು ವರ್ಷ ಅವಳು ತನ್ನ ನಾಲಗೆಗಾಗಿ ದೇವರಲ್ಲಿ ಧೈರ್ಯ ಬೇಡಿದ್ದಳು. ಬೇಡಬೇಕಾದದ್ದು ನಾಲಗೆಗಲ್ಲ, ಕೈಗೆ ಎಂದು ಆ ಒದ್ದೆ ಅಂಗಳದಲ್ಲಿ ಅವಳಿಗೆ ತಿಳಿಯಿತು.

ಮಾರನೆಯ ಬೆಳಿಗ್ಗೆ ಗುಡಿಯ ಅಂಗಳದಲ್ಲಿ ಊರು ನೆರೆದಿತ್ತು. ಮೀಯಿಸುವವಳು ನ್ಯಾಯದವರ ಮುಂದೆ ಬಂದು ಕೈ ಮುಗಿದಳು.

"ಅಯ್ಯ, ನನ್ನ ಚುಕ್ಕೆ ನಾನು ವಾಪಸ್ಸು ತಗೋತೀನಿ."

"ಏನಂದೆ?"

"ಕೊಡದ ಮೇಲೆ ಇಟ್ಟಿದ್ದು ಸರಿಯಾಗಿ ಬರಲಿಲ್ಲ. ಇವತ್ತು ನನ್ನ ಮೈಮೇಲೇ ತೋರಿಸ್ತೀನಿ."

ಜನ ಬಿಡ್ತು ಬಿಡ್ತು ಎಂದು ಗುಜುಗುಟ್ಟಿದರು. ಹಿರಿಯ ನ್ಯಾಯದವನು ಕೈಯೆತ್ತಿದ. "ತೋರಿಸಿದರೆ ಗಾಯ ನಿನಗೇ ಬರುತ್ತೆ, ಗೊತ್ತಿದೆಯಾ?"

"ಬರಲಿ. ಬಂದು ಹನ್ನೊಂದು ವರ್ಷ ಆಯ್ತು. ಆದರೆ ನನ್ನ ಕೈ ಎಟುಕೋದಿಲ್ಲ ಅಯ್ಯ. ಸಾಕ್ಷಿಯ ಕೈ ಎಟುಕದಿದ್ದರೆ ಊರು ಕೈ ಕೊಡಬೇಕು ಅಂತ ನಿಮ್ಮ ಕಟ್ಟಳೆಯಲ್ಲೇ ಇದೆ. ನಾನು ಒಳಗೆ ದೇವರ ಮುಂದೆ ಕೂರ್ತೀನಿ. ಒಬ್ಬೊಬ್ಬರೇ ಬಂದು ಒಡೆಯನ ಗಾಯ ಎಲ್ಲಿತ್ತೋ ಅಲ್ಲಿ ಒದ್ದೆ ಬೆರಳು ಇಟ್ಟು ಹೋಗಿ. ಗಂಟಲು ಅನ್ನೋರು ಗಂಟಲು ಮುಟ್ಟಿ. ಎದೆ ಅನ್ನೋರು ಹೆಗಲ ಮೇಲಿಂದ ಕೈ ತನ್ನಿ, ನಾಚಿಕೆ ಬೇಡ, ನಿಮ್ಮನ್ನೆಲ್ಲ ಮೀಯಿಸಿದವಳು ನಾನು."

"ಸುಳ್ಳು ಇಟ್ಟರೆ?" ಎಂದ ಎದೆಯವರಲ್ಲೊಬ್ಬ.

"ಒಳಗೆ ದೇವರಿದ್ದಾನೆ ಕಣಪ್ಪ. ಅವನನ್ನು ಕೇಳು."

ಕಟ್ಟಳೆ ಕಟ್ಟಳೆಯೇ. ಅಲ್ಲದೆ ಗಾಯ ಬರುವುದಾದರೆ ಮುದುಕಿಗೆ ಬರುತ್ತದೆ. ತಮಗೆ ಬರದ ಗಾಯಕ್ಕೆ ಯಾರು ಹೆದರುತ್ತಾರೆ. ನ್ಯಾಯದವರು ಒಪ್ಪಿದರು.

ಅವಳು ಒಳಗೆ ಹೋಗಿ ದೇವರಿಗೆ ಮುಖಮಾಡಿ ಕೂತಳು. ಸೆರಗು ಸರಿಸಿ ಬೆನ್ನು ಬಿಟ್ಟಳು. ಪಕ್ಕದಲ್ಲಿ ಒಂದು ತಂಬಿಗೆ ನೀರು, ಒಂದು ಒಣಬಟ್ಟೆ. "ಸ್ವಾಮಿ" ಎಂದಳು, "ಇವರ ಬಾಯಿ ನನ್ನ ಬಾಯಿಯ ಹಾಗೇ ಇದೆ. ಬೆರಳನ್ನಾದರೂ ನೀನು ನಡೆಸು."

ಮೊದಲ ಹೆಜ್ಜೆ ಕೇಳಿಸಿತು. ಬೆರಳು ನೀರಿಗೆ ಅದ್ದಿದ ಸದ್ದು. ಬಂದವನು ಕಂಠದವರ ಮುಂದಾಳು ಎಂದು ಕೆಮ್ಮಿನಿಂದ ಗೊತ್ತಾಯಿತು. ಅವನ ಕೈ ಅವಳ ಕತ್ತಿನ ಹತ್ತಿರ ಬಂತು. ಒದ್ದೆಯ ತಂಪು ಅವಳ ಕಿವಿಗೆ ತಾಗಿತು. ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಕೆಳಗಿಳಿಯಿತು. ಎರಡು ರೆಕ್ಕೆಮೂಳೆಗಳ ನಡುವೆ, ಒಂದು ಬೆರಳು ಎಡಕ್ಕೆ, ಹುಳ ಕೂತ ಹಾಗೆ ಕೂತಿತು. ಅವನು ಎದ್ದು ಹೋದ. ಅವಳು ಒಣಬಟ್ಟೆಯನ್ನು ಹಿಂದಕ್ಕೆ ಬೀಸಿ ಒರೆಸಿಕೊಂಡಳು.

ಎರಡನೆಯವನು ಎದೆಯವರಲ್ಲಿ ಜೋರು ಬಾಯಿಯವನು. ಅವನ ಬೆರಳು ನೇರ ಅಲ್ಲಿಗೇ ಬಂತು, ಬಿಸಿ ಮುಟ್ಟಿದಂತೆ ಹಿಂದಕ್ಕೆ ಹೋಯಿತು.

ಮೂರನೆಯವರು, ನಾಲ್ಕನೆಯವರು. ಗಂಡಸರು, ಹೆಂಗಸರು. ಒಂದೊಂದು ಬೆರಳನ್ನೂ ಅವಳು ಬಲ್ಲಳು. ಒಂದೊಂದನ್ನೂ ಸಂದಿ ಬಿಡಿಸಿ ತೊಳೆದವಳು. ಉಗುರು ಕಚ್ಚುವವನ ಬೆರಳು, ಸುಣ್ಣ ಬೇಯಿಸುವವನ ಒರಟು ಬೆರಳು, ನಕ್ಕಿದ್ದ ಬಾಣಂತಿಯ ಬೆರಳು. ಎಲ್ಲ ಅಲ್ಲಿಗೇ. ಕೂದಲಷ್ಟೂ ಆಚೀಚೆ ಇಲ್ಲ. ಹನ್ನೊಂದು ವರ್ಷ ಆರೋ ಎರಡೋ ಎಂದು ಅಳೆದ ಬೆರಳುಗಳು ಅಳತೆಯಿಲ್ಲದೆ ಬಂದು ಕೂರುತ್ತಿದ್ದವು. ಒಬ್ಬ ಅಳುತ್ತಾ ಇಟ್ಟ. ಒಬ್ಬಳು ಇಟ್ಟು, ಅದೇ ಬೆರಳನ್ನು ಕಣ್ಣಿಗೊತ್ತಿಕೊಂಡು ಹೋದಳು. ಹಿರಿಯ ನ್ಯಾಯದವನ ಉಂಗುರದ ಬೆರಳು ಬಂದು, ಕೊಡ ತಿರುಗಿಸಿದಷ್ಟೇ ಮೆಲ್ಲಗೆ ಮುಟ್ಟಿತು.

ಆಮೇಲೆ ಒಂದು ಸಣ್ಣ ಬೆರಳು ಬಂತು. ಏಳೆಂಟು ವರ್ಷದ ಹುಡುಗಿ. ಒಡೆಯ ಸತ್ತಾಗ ಹುಟ್ಟಿಯೇ ಇರಲಿಲ್ಲ. ಅವಳ ಬೆರಳೂ ಅಲ್ಲಿಗೇ ಬಂತು.

ಮೀಯಿಸುವವಳ ಎದೆ ಒಡೆಯಿತು. ಇವಳಿಗೆ ಯಾರು ಹೇಳಿದರು? ಯಾರೂ ಹೇಳಿರಲಿಲ್ಲ. ಎಣ್ಣೆ ಮುಟ್ಟದ ಜಾಗ, ನೀರು ಮುಟ್ಟದ ಜಾಗ, ತನ್ನ ಕೈಯೇ ದಿನವೂ ಸುತ್ತಿ ಸುತ್ತಿ ಇವಳ ಮೈಮೇಲೆ ಬರೆದಿಟ್ಟ ಜಾಗ. ಊರಿಗೆಲ್ಲ ಗೊತ್ತಿದ್ದದ್ದನ್ನು ಅವಳು ಹಸುಗೂಸುಗಳಿಗೂ ಕಲಿಸಿದ್ದಳು. ದೇವರ ಮುಂದೆ ಕೂತವಳು ದೇವರ ಪಾದದಿಂದ ಮೇಲಕ್ಕೆ ಕಣ್ಣೆತ್ತಲಾರದೆ ಹೋದಳು.

ಕಡೆಗೆ ಒಬ್ಬನೇ ಉಳಿದ. ಅವನನ್ನು ಒಳಗೆ ಬಿಡುವುದೋ ಬೇಡವೋ ಎಂದು ಹೊರಗೆ ಸ್ವಲ್ಪ ಗದ್ದಲವಾಯಿತು. ಆ ಹೊಸ್ತಿಲನ್ನು ಆಚೆಯ ದಡದವರು ಯಾರೂ ದಾಟಿರಲಿಲ್ಲ. ಒಬ್ಬೊಬ್ಬರೇ ಬನ್ನಿ ಎಂದಿದ್ದಾಳೆ, ಅವನೂ ಅವತ್ತು ಅಲ್ಲಿದ್ದನಲ್ಲ ಎಂದರು. ಬಿಟ್ಟರು.

ಬರಿಗಾಲಿನ ಸದ್ದು ಹೊಸ್ತಿಲಲ್ಲಿ ತಡೆದು, ಒಳಗೆ ಬಂತು. ಅವನು ಮೊದಲು ದೇವರಿಗೆ ಅಡ್ಡಬಿದ್ದ. ಆಮೇಲೆ ಅವಳ ಹಿಂದೆ ಕೂತ. ಬೆರಳು ನೀರಿಗೆ ಅದ್ದಿತು. ಮೀಯಿಸುವವಳು ಕಾದಳು. ಬೆರಳಿನಿಂದ ಹನಿಗಳು ತಂಬಿಗೆಗೆ ಬೀಳುವ ಸದ್ದು ಕೇಳುತ್ತಿತ್ತು. ಒಂದು ಹನಿ. ಇನ್ನೊಂದು ಹನಿ.

"ಅವ್ವ" ಎಂದ ಅವನು, "ಎಲ್ಲಿ ಇಡಬೇಕವ್ವ?"

ಅವನೇ ಮುಂದುವರಿಸಿದ. "ನಾನು ಬುಟ್ಟಿ ಹಿಡಿದು ತಲೆ ಬಗ್ಗಿಸಿದ್ದೆ. ಅವರ ಪಾದ ಕಾಣ್ತಿತ್ತು. ಆಮೇಲೆ ಅವರು ನನ್ನ ಮೇಲೆ ಒರಗಿಕೊಂಡ್ರು, ನಾನು ತಬ್ಬಿಕೊಂಡೆ, ನಿಮ್ಮವರು ಎಳ್ಕೊಂಡು ಹೋದ್ರು. ಗಾಯ ಎಲ್ಲಿತ್ತು ಅಂತ ನನಗೆ ಯಾರೂ ಹೇಳಲಿಲ್ಲ. ಗೊತ್ತಿಲ್ಲದೆ ಎಲ್ಲೋ ಇಟ್ಟು, ಅದು ನಿಮಗೆ ಬಂದುಬಿಟ್ರೆ? ಬೇಡ ಬಿಡವ್ವ. ನಾಲ್ಕು ಬೆರಳು ಅಂತಲೇ ಆಗಲಿ."

ಅವನು ಒದ್ದೆ ಬೆರಳನ್ನು ತನ್ನ ಪಂಚೆಗೆ ಒರೆಸಿಕೊಂಡ.

ಅವಳು ಸೆರಗು ಹೊದ್ದು, ಅವನ ಕೈ ಹಿಡಿದು ಹೊರಗೆ ಬಂದಳು. ಬಿಸಿಲಲ್ಲಿ ಊರು ನಿಂತಿತ್ತು. ಪಕ್ಕದವನು ಎಲ್ಲಿ ಇಟ್ಟನೋ ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ.

"ಯಾವ ಜಾಗ ಬಂತಮ್ಮ?" ಎಂದ ಹಿರಿಯ ನ್ಯಾಯದವನು. ದನಿ ಒಣಗಿತ್ತು.

"ಒಂದೇ ಜಾಗ ಬಂತು ಅಯ್ಯ. ಎಲ್ಲರೂ ಒಂದೇ ಕಡೆ ಇಟ್ಟರು. ನೀವೂ ಅಲ್ಲೇ ಇಟ್ಟಿರಿ, ನನ್ನ ಕೈ ಎಟುಕಿದ್ದರೆ ನಾನೂ ಅಲ್ಲೇ ಇಡ್ತಿದ್ದೆ." ಹಿಡಿದ ಕೈಯನ್ನು ಅವಳು ಬಿಡಲಿಲ್ಲ. "ಜಾಗ ಗೊತ್ತಿಲ್ಲ ಅಂದವನು ಇವನೊಬ್ಬನೇ."

ಹಿರಿಯ ನ್ಯಾಯದವನು ಉಂಗುರದ ಬೆರಳನ್ನು ಮುಷ್ಟಿಯೊಳಗೆ ಮಡಿಚಿಕೊಂಡ. ಅದೇ ಗಾಯ ಅದೇ ಜಾಗದಲ್ಲಿ ಎಂಬ ಕಟ್ಟಳೆ ಎಲ್ಲರಿಗೂ ನೆನಪಿತ್ತು. ಜಾಗ ಈಗ ಗೊತ್ತಾಗಿತ್ತು. ಬೆನ್ನುಗಳು ಮಾತ್ರ ಬಹಳವಿದ್ದವು. ಬಹಳ ಹೊತ್ತಿನ ಮೇಲೆ ಅವನೇ ಎದ್ದು ಬಂದು ಹೊಳೆಯಾಚೆಯವನ ಕಾಲಿನ ಹಗ್ಗ ಬಿಚ್ಚಿದ. ಬಿಚ್ಚಿದವನು ಬಗ್ಗಿದಲ್ಲೇ ಉಳಿದ.

ಹೊಳೆಯಾಚೆಯವನು ಮೀಯಿಸುವವಳಿಗೆ ಕೈ ಮುಗಿದ. ತಿರುಗಿ ಹೊಳೆಯ ಕಡೆ ನಡೆದ. ನಿನ್ನೆ ತೊಳೆದ ಅವನ ಬೆನ್ನು ಬಿಸಿಲಿಗೆ ಹೊಳೆಯುತ್ತಿತ್ತು. ಅದು ಮೆಟ್ಟಿಲಿಳಿದು ಮರೆಯಾಗುವವರೆಗೂ ಜನ ನೋಡಿದರು.

ಆಮೇಲೆ ಮನೆಗೆ ಹೋಗಬೇಕಲ್ಲ. ಯಾರೂ ಮೊದಲು ತಿರುಗಲಿಲ್ಲ. ತಿರುಗಿದರೆ ಹಿಂದಿನವರಿಗೆ ಬೆನ್ನು ಕಾಣುತ್ತದೆ. ಒಬ್ಬ ಹಿಂದಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಇನ್ನೊಬ್ಬಳು ಇಟ್ಟಳು. ಹೀಗೆ ಇಡೀ ಊರು, ಒಬ್ಬರ ಮುಖ ಒಬ್ಬರು ನೋಡಲಾರದೆ ನೆಲ ನೋಡುತ್ತಾ, ಹಿಂದಕ್ಕೆ ನಡೆದು, ಕೈಯಿಂದ ತಂತಮ್ಮ ಬಾಗಿಲು ತಡವಿಕೊಂಡು ಒಳಗೆ ಸೇರಿತು. ಗುಡಿಯಿಂದ ಬರುವಾಗ ನಾವೂ ದೇವರಿಗೆ ಬೆನ್ನು ತೋರಿಸದೆ ಹಾಗೇ ಹಿಂದಕ್ಕೆ ನಡೆಯುತ್ತೇವೆ. ಅದಕ್ಕೆ ಭಕ್ತಿ ಎನ್ನುತ್ತೇವೆ. ಅವತ್ತು ಆ ಊರು ನಡೆದದ್ದಕ್ಕೆ ಏನೆನ್ನಬೇಕೋ ದೇವರೇ ಬಲ್ಲ. ಎಲ್ಲರಿಗಿಂತ ಕೊನೆಗೆ ಮೀಯಿಸುವವಳು ಹಾಗೆ ನಡೆದು ಹೋದಳು.